ಶುಂಠಿ ಟೀ ಮಾಡಿದರೆ ಹಾಲು ಒಡೆಯುತ್ತಿದೆ, ಏನು ಮಾಡಲಿ?

ಚಿಂತಾಮಣಿ ಸೊಸೆ:
ಚಳಿ ಶುರುವಾದಾಗಿನಿಂದ ಮನೆಯಲ್ಲಿ ಎಲ್ಲರಿಗೂ ಶುಂಠಿ ಟೀ ಬೇಕು. ಹಸಿ ಶುಂಠಿ ಜಜ್ಜಿ ಹಾಕಿದರೆ ಒಮ್ಮೊಮ್ಮೆ ಹಾಲು ಒಡೆಯುತ್ತದೆ. ಹಾಲು ಆಗ ತಾನೇ ಡೈರಿಯಿಂದ ತಂದಿದ್ದು. ಬಸ್ ಸ್ಟ್ಯಾಂಡ್ ಟೀ ಅಂಗಡಿಯವರಿಗೆ ಯಾಕೆ ಒಡೆಯುವುದಿಲ್ಲ? ಇನ್ನೊಂದು ವಿಷಯ. ನನ್ನ ತಂಗಿಗೆ ಈಗ ಮೂರನೇ ತಿಂಗಳು, ಬೆಳಿಗ್ಗೆ ಎದ್ದರೆ ಸಾಕು ವಾಂತಿ. ಶುಂಠಿ ಕೊಡಬಹುದಾ? ನಮ್ಮತ್ತೆ ಉಷ್ಣ, ಬೇಡ ಅನ್ನುತ್ತಾರೆ.

ಮುಳಬಾಗಿಲು ಅಡುಗೆಯವರು:
ಹಾಲಿನ ತಪ್ಪಲ್ಲಮ್ಮ. ಹಸಿ ಶುಂಠಿಯಲ್ಲಿ ಜಿಂಜಿಬೈನ್ ಅಂತ ಒಂದು ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸಿ ಗಟ್ಟಿ ಮಾಡುತ್ತದೆ. ಹಾಲು ಬಿಸಿಯಾಗಿ ಇನ್ನೂ ಕುದಿ ಬಾರದಿರುವಾಗ ಅದರ ಕೆಲಸ ಜೋರು. ಚೆನ್ನಾಗಿ ಕುದಿಸಿಬಿಟ್ಟರೆ ಅದಕ್ಕೆ ಶಕ್ತಿಯೇ ಇರುವುದಿಲ್ಲ. ಅದಕ್ಕೇ ಶುಂಠಿಯನ್ನು ಮೊದಲು ನೀರಿಗೆ ಹಾಕಿ ಮೂರ್ನಾಲ್ಕು ನಿಮಿಷ ಕೊತಕೊತ ಕುದಿಸಿ. ನೀರು ತಿಳಿ ಹಳದಿಗೆ ತಿರುಗಿ ಘಾಟು ಮೂಗಿಗೆ ಬಡಿಯಬೇಕು. ಆಮೇಲೆ ಟೀ ಪುಡಿ, ಕೊನೆಗೆ ಹಾಲು. ಅಂಗಡಿಯಲ್ಲಿ ಶುಂಠಿ ಹಾಕಿದ ಡಿಕಾಕ್ಷನ್ ಕುದಿಯುತ್ತಲೇ ಇರುತ್ತದೆ, ಅಲ್ವಾ? ಚೀನಾದ ಗ್ವಾಂಗ್‌ಡಾಂಗ್ ಕಡೆ ಬೇಕಂತಲೇ ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದು, ಗಟ್ಟಿಯಾದ ಮೇಲೆ ಸಿಹಿ ತಿಂಡಿಯಾಗಿ ತಿನ್ನುತ್ತಾರೆ.

ನಾನು ಬೀಗರೂಟಗಳಿಗೆ ಅಡುಗೆ ಮಾಡುವವನು. ಇದೇ ಕಿಣ್ವ ಮಾಂಸವನ್ನೂ ಮೆತ್ತಗೆ ಮಾಡುತ್ತದೆ. ಬಲಿತ ನಾಟಿ ಕೋಳಿಗೆ ಹಸಿ ಶುಂಠಿ, ಅರಿಶಿನ, ಉಪ್ಪು ಹಚ್ಚಿ ಒಂದು ಗಂಟೆ ಬಿಡಿ. ಫಾರಂ ಕೋಳಿಗೆ ಅಷ್ಟು ಹೊತ್ತು ಬೇಡ, ಮೇಲೆಲ್ಲ ಹಿಟ್ಟು ಹಿಟ್ಟಾಗುತ್ತದೆ. ದಯವಿಟ್ಟು ಪ್ಯಾಕೆಟ್ ಪೇಸ್ಟ್ ಮಾತ್ರ ಬೇಡ. ಒರಳಲ್ಲಿ ಜಜ್ಜಿದ ಶುಂಠಿಯ ಘಮ ಅದಕ್ಕೆ ಬರುವುದೇ ಇಲ್ಲ.

ತುಮಕೂರು ನರ್ಸ್:
ತಂಗಿಗೆ ಅಡುಗೆಗೆ ಬಳಸುವಷ್ಟು ಕೊಡಬಹುದು. ಬಸಿರಿನ ಓಕರಿಕೆ ಇದರಿಂದ ಸ್ವಲ್ಪ ಕಡಿಮೆಯಾಗುವುದು ಅಧ್ಯಯನಗಳಲ್ಲೂ ಕಂಡಿದೆ. ಅವುಗಳಲ್ಲಿ ಹೆಚ್ಚಾಗಿ ದಿನಕ್ಕೆ 1 ಗ್ರಾಂನಷ್ಟು ಒಣ ಶುಂಠಿ ಪುಡಿ ಕೊಟ್ಟಿದ್ದಾರೆ. ಜಾಸ್ತಿಯಾದರೆ ಎದೆಯುರಿ ಬರುತ್ತದೆ, ಅತ್ತೆಯವರ ಮಾತಿನಲ್ಲಿ ಅಷ್ಟು ನಿಜ ಇದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಶುಂಠಿ ನಂಬಿಕೊಂಡು ಸುಮ್ನೆ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚಿಂತಾಮಣಿ ಸೊಸೆ:
ತುಂಬಾ ಉಪಕಾರ ಆಯ್ತು ಅಣ್ಣ, ಅಕ್ಕ. ಸಂತೆಯಿಂದ ಅರ್ಧ ಕೆಜಿ ತಂದಿದ್ದೇವೆ. ಸುಕ್ಕಾಗದಂತೆ ಹೇಗೆ ಇಡುವುದು?

ಮುಳಬಾಗಿಲು ಅಡುಗೆಯವರು:
ತೊಳೆಯಬೇಡಿ. ಕುಂಡದಲ್ಲಿ ಸ್ವಲ್ಪವೇ ತೇವ ಇರುವ ಮರಳು ಹಾಕಿ ಅದರಲ್ಲಿ ಹೂತಿಡಿ, ಬೇಕಾದಾಗ ಮುರಿದುಕೊಳ್ಳಿ. ಮೊಳಕೆ ಬಂದ ತುಂಡು ಎಸೆಯಬೇಡಿ. ಮೇ ತಿಂಗಳಲ್ಲಿ ಅರೆನೆರಳಲ್ಲಿ ನೆಟ್ಟರೆ ಎಂಟೊಂಬತ್ತು ತಿಂಗಳಿಗೆ ಮನೆಯದೇ ಶುಂಠಿ ಕೀಳಬಹುದು. ನೀರು ಮಾತ್ರ ನಿಲ್ಲಬಾರದು, ಗೆಡ್ಡೆ ಕೊಳೆತುಬಿಡುತ್ತದೆ.