ಚಾಲನೆಯಲ್ಲಿರುವ ಸರ್ವರಿನ ಸಿಸ್ಟಂ ಡಿಸ್ಕನ್ನು ಇಮೇಜ್ ಮಾಡಿ ವರ್ಚುಯಲ್ ಯಂತ್ರಕ್ಕೆ ಸಾಗಿಸುವ ಬಗ್ಗೆ

ತುಂಗಾತೀರ:
ನಮಸ್ಕಾರ. ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರ ಲೆಕ್ಕಪತ್ರದ ಸರ್ವರನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿರುವುದು ಸೆಂಟ್‌ಓಎಸ್ 6 ಎಂಬ ಲಿನಕ್ಸ್; ಎಲ್‌ವಿಎಂ (ಡಿಸ್ಕಿನ ಜಾಗವನ್ನು ವಾಲ್ಯೂಮುಗಳಾಗಿ ಹಂಚುವ ಪದರ) ಮೇಲೆ ಇಎಕ್ಸ್‌ಟಿ4 ಕಡತವ್ಯವಸ್ಥೆ, ಅದರೊಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬೆಳೆಗಾರರು ತಂದ ಅಡಿಕೆಯ ದರ್ಜೆಗಳಾದ ರಾಶಿ, ಬೆಟ್ಟೆ, ಗೊರಬಲು, ಸರಕುಗಳ ತೂಕ, ದರ, ಮುಂಗಡ ಎಲ್ಲವೂ ಅಲ್ಲಿಯೇ ಇವೆ. ತಂತ್ರಾಂಶವನ್ನು ಬರೆದುಕೊಟ್ಟವರು ಈಗ ಸಿಗುವುದಿಲ್ಲವಾದ್ದರಿಂದ ಹೊಸದಾಗಿ ಸ್ಥಾಪಿಸುವ ದಾರಿಯಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಪ್ರಾಕ್ಸ್‌ಮಾಕ್ಸ್‌ಗೆ (ವರ್ಚುಯಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ) ಒಯ್ಯಬೇಕು. ಸರ್ವರ್ ನಡೆಯುತ್ತಿರುವಾಗಲೇ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಡಿಡಿ (ಡಿಸ್ಕನ್ನು ಇದ್ದಂತೆ ನಕಲಿಸುವ ಆದೇಶ) ಬಳಸಿ ಇಡೀ ಡಿಸ್ಕನ್ನು ನಕಲಿಸಿಕೊಂಡರೆ ಸಾಕೇ?

ಸಾಗರದ ಶೆಲ್:
ಸಾಲದು. ಡಿಡಿ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಲು ಗಂಟೆಗಳೇ ಹಿಡಿಯಬಹುದು, ಅಷ್ಟರಲ್ಲಿ ಆಗಲೇ ಓದಿಯಾದ ಭಾಗದಲ್ಲೂ ಇನ್ನೂ ಓದಬೇಕಾದ ಭಾಗದಲ್ಲೂ ಬರವಣಿಗೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಕೈಗೆ ಸಿಗುವ ಇಮೇಜ್ ಯಾವ ಒಂದು ಕ್ಷಣದ್ದೂ ಆಗಿರುವುದಿಲ್ಲ. ಜರ್ನಲ್ (ಕಡತವ್ಯವಸ್ಥೆ ತನ್ನ ಬದಲಾವಣೆಗಳನ್ನು ಬರೆದಿಡುವ ದಾಖಲೆ) ಇದೆಯಲ್ಲ ಎಂದು ನೆಚ್ಚುವಂತಿಲ್ಲ, ಏಕೆಂದರೆ ಜರ್ನಲ್ ಕೂಡ ಬೇರೊಂದು ಕ್ಷಣದಲ್ಲಿ ನಕಲಾಗಿರುತ್ತದೆ. ಎಫ್‌ಎಸ್‌ಸಿಕೆ ಓಡಿಸಿದರೆ ಅದು ಕಡತವ್ಯವಸ್ಥೆಯ ಕಟ್ಟನ್ನಷ್ಟೇ ಸರಿಪಡಿಸುತ್ತದೆ. ಒಂದು ಪುಟ ಬೆಳಗಿನದು, ಇನ್ನೊಂದು ಮಧ್ಯಾಹ್ನದ್ದು ಎಂಬಂತೆ ಬೆರೆತುಹೋದ ದತ್ತಾಂಶ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಬೂಟ್ ಆಯಿತೆಂದು ಸಮಾಧಾನಪಟ್ಟುಕೊಂಡ ಮೇಲೆ, ಯಾವಾಗಲೋ ಯಾರದ್ದೋ ಖಾತೆ ತೆರೆದಾಗ ಇದು ಹೊರಬೀಳುತ್ತದೆ.

ನಿಮ್ಮಲ್ಲಿ ಎಲ್‌ವಿಎಂ ಇರುವುದರಿಂದ ಸ್ನ್ಯಾಪ್‌ಶಾಟ್ ತೆಗೆಯಿರಿ. ಅದನ್ನು ಸೃಷ್ಟಿಸುವ ಹೊತ್ತಿನಲ್ಲಿ ಕರ್ನಲ್ ಕಡತವ್ಯವಸ್ಥೆಯನ್ನು ಅರೆಗಳಿಗೆ ತಡೆಹಿಡಿಯುತ್ತದೆ, ಆದ್ದರಿಂದ ನಿಮಗೆ ನಿಜವಾಗಿಯೂ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಪೋಸ್ಟ್‌ಗ್ರೆಸ್ಸಿನ ದತ್ತಾಂಶವೂ ಅದರ ವಾಲ್ ಲಾಗ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಕೂಡ ಅದೇ ವಾಲ್ಯೂಮಿನಲ್ಲಿದ್ದರೆ, ಕರೆಂಟು ಹೋಗಿ ಬಂದಾಗ ಮಾಡುವಂತೆಯೇ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. (ಮಲೆನಾಡಿನ ಮಳೆಗಾಲ ಕಂಡ ಸರ್ವರಿಗೆ ಈ ಅಭ್ಯಾಸ ಹೊಸತೇನಲ್ಲ.) ಅವೆರಡೂ ಬೇರೆ ಬೇರೆ ವಾಲ್ಯೂಮುಗಳಲ್ಲಿದ್ದರೆ ಮಾತ್ರ ಪೋಸ್ಟ್‌ಗ್ರೆಸ್ಸನ್ನು ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆದು, ಕೂಡಲೇ ಮತ್ತೆ ಆರಂಭಿಸಿ.

ತುಂಗಾತೀರ:
ಎರಡೂ ಒಂದೇ ವಾಲ್ಯೂಮಿನಲ್ಲಿವೆ. ಆದರೆ ವಾಲ್ಯೂಮ್ ಗ್ರೂಪಿನಲ್ಲಿ (ವಾಲ್ಯೂಮುಗಳಿಗೆ ಜಾಗ ಕೊಡುವ ಒಟ್ಟು ಸಂಗ್ರಹ) ಖಾಲಿ ಜಾಗವೇ ಇಲ್ಲ, ಎಲ್ಲವನ್ನೂ ರೂಟ್ (ಮುಖ್ಯ ಕಡತವ್ಯವಸ್ಥೆ) ಮತ್ತು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ತೆಗೆದುಕೊಂಡಿವೆ.

ಸಾಗರದ ಶೆಲ್:
ಮೆಮೊರಿಗೆ ತೊಂದರೆಯಿಲ್ಲದ ಸಂಜೆ ಹೊತ್ತಿನಲ್ಲಿ ಸ್ವಾಪನ್ನು ನಿಲ್ಲಿಸಿ, ಆ ವಾಲ್ಯೂಮನ್ನು ಅಳಿಸಿ, ತೆರವಾದ ಜಾಗವನ್ನು ಸ್ನ್ಯಾಪ್‌ಶಾಟಿಗೆ ಕೊಡಿ. ನಕಲು ಮುಗಿಯುವುದರೊಳಗೆ ಬದಲಾಗುವ ಬ್ಲಾಕುಗಳನ್ನಷ್ಟೇ ಅದು ಹಿಡಿದಿಟ್ಟುಕೊಳ್ಳಬೇಕು, ಆದರೆ ತುಂಬಿಹೋದರೆ ಇಡೀ ಸ್ನ್ಯಾಪ್‌ಶಾಟ್ ಅಸಿಂಧುವಾಗುತ್ತದೆ; ಎಲ್‌ವಿಎಸ್ ಆದೇಶದಲ್ಲಿ ಶೇಕಡಾವಾರು ನೋಡುತ್ತಿರಿ. ಮುಗಿದ ಮೇಲೆ ಸ್ವಾಪನ್ನು ಹಳೆಯ ಹೆಸರಿನಲ್ಲಿಯೇ ಮತ್ತೆ ಸೃಷ್ಟಿಸಿ, ಏಕೆಂದರೆ ಸೆಂಟ್‌ಓಎಸ್ 6ರ ಗ್ರಬ್ (ಬೂಟ್ ಲೋಡರ್) ಸಾಲಿನಲ್ಲೂ ಎಫ್‌ಎಸ್‌ಟ್ಯಾಬಿನಲ್ಲೂ (ಯಾವ ವಾಲ್ಯೂಮನ್ನು ಎಲ್ಲಿ ಬಳಸಬೇಕೆಂಬ ಪಟ್ಟಿ) ಸಾಮಾನ್ಯವಾಗಿ ಆ ಹೆಸರು ಇರುತ್ತದೆ.

ಇದು ಇಡೀ ಡಿಸ್ಕಿನ ಇಮೇಜ್ ಅಲ್ಲ, ರೂಟ್ ವಾಲ್ಯೂಮಿನದ್ದು ಮಾತ್ರ. ವರ್ಚುಯಲ್ ಯಂತ್ರವನ್ನು ರೆಸ್ಕ್ಯೂ ಐಎಸ್‌ಓದಿಂದ (ದುರಸ್ತಿಗೆ ಬಳಸುವ ಬೂಟ್ ಡಿಸ್ಕಿನ ಕಡತ) ಎಬ್ಬಿಸಿ, ಅದೇ ಹೆಸರಿನ ಗ್ರೂಪು ಮತ್ತು ವಾಲ್ಯೂಮುಗಳನ್ನು ಕಟ್ಟಿ, ಅದರೊಳಗೆ ಇಮೇಜನ್ನು ಸುರಿಯಬೇಕು. ಬೂಟ್ ಪಾರ್ಟಿಷನ್ ಬೇರೆಯಾಗಿರುತ್ತದೆ. ಸರ್ವರ್ ನಡೆಯುತ್ತಿರುವಾಗಲೂ ಅದನ್ನು ಅನ್‌ಮೌಂಟ್ ಮಾಡಿ ನಿಶ್ಚಿಂತೆಯಿಂದ ನಕಲಿಸಬಹುದು. ಕೊನೆಗೆ ಗ್ರಬ್ ಸ್ಥಾಪಿಸಿ.

ಹೊಸನಗರದಿಂದ:
ಭಾನುವಾರ ಮಂಡಿಗೆ ರಜೆ ಇದ್ದರೆ ಇಷ್ಟೆಲ್ಲ ಕಷ್ಟವೇಕೆ? ಸರ್ವರನ್ನು ನಿಲ್ಲಿಸಿ, ರೆಸ್ಕ್ಯೂ ಡಿಸ್ಕಿನಿಂದ ಬೂಟ್ ಮಾಡಿ, ಇಡೀ ಡಿಸ್ಕನ್ನೇ ನಕಲಿಸಿದರೆ ಸಂಶಯಕ್ಕೆ ಎಡೆಯೇ ಇರುವುದಿಲ್ಲ.

ತುಂಗಾತೀರ:
ರಜೆ ಇದೆ, ಧೈರ್ಯವಿಲ್ಲ. ಡಿಸ್ಕುಗಳು ತುಂಬ ಹಳೆಯವು. ಒಮ್ಮೆ ನಿಲ್ಲಿಸಿದರೆ ಮತ್ತೆ ತಿರುಗುತ್ತವೆಯೋ ಇಲ್ಲವೋ ಎಂಬ ಭಯ.

ಆಗುಂಬೆ ರೂಟ್:
ಆ ಭಯಕ್ಕೆ ಕಾರಣವಿದೆ, ಆದ್ದರಿಂದಲೇ ಮೊದಲು ಸ್ನ್ಯಾಪ್‌ಶಾಟ್ ನಕಲನ್ನು ತೆಗೆದಿಟ್ಟುಕೊಳ್ಳಿ. ಆದರೆ ಅದನ್ನೇ ಅಂತಿಮ ಪ್ರತಿಯೆಂದು ಭಾವಿಸಬೇಡಿ; ನಕಲಾದ ಮರುಗಳಿಗೆಯಿಂದಲೇ ಹಳೆಯ ಸರ್ವರಿನಲ್ಲಿ ಹೊಸ ಲೆಕ್ಕ ಸೇರುತ್ತಿರುತ್ತದೆ. ಆ ನಕಲಿನಿಂದ ವರ್ಚುಯಲ್ ಯಂತ್ರವನ್ನು ಎಬ್ಬಿಸಿ, ಬಿಲ್ ಮುದ್ರಣದವರೆಗೆ ಎಲ್ಲವನ್ನೂ ಪರೀಕ್ಷಿಸಿ. ಎಲ್ಲವೂ ಸರಿಯಾದ ಮೇಲೆ, ರಜೆಯ ದಿನ ತಂತ್ರಾಂಶವನ್ನು ಮಾತ್ರ ನಿಲ್ಲಿಸಿ, ಪಿಜಿ ಡಂಪ್ (ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪೂರ್ಣ ಪ್ರತಿ) ತೆಗೆದು ಹೊಸದರಲ್ಲಿ ತುಂಬಿ. ತಂತ್ರಾಂಶ ಡೇಟಾಬೇಸಿನ ಹೊರಗೆ ಏನಾದರೂ ಕಡತ ಬರೆಯುತ್ತಿದ್ದರೆ ಅದನ್ನು ಆರ್‌ಸಿಂಕ್ ಎಂಬ ಕಡತ ನಕಲಿಸುವ ಸಾಧನದಿಂದ ತನ್ನಿ. ಹೀಗೆ ಮಾಡಿದರೆ ಹಳೆಯ ಯಂತ್ರವನ್ನು ಆರಿಸುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಬಾರಿಗೆ ಬೂಟ್ ಆಗದಿದ್ದರೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಆರಂಭದಲ್ಲಿ ಕರ್ನಲ್ ಬಳಸುವ ಪುಟ್ಟ ಕಡತವ್ಯವಸ್ಥೆ) ವರ್ಟಿಯೊ ಚಾಲಕಗಳು (ವರ್ಚುಯಲ್ ಡಿಸ್ಕ್, ನೆಟ್‌ವರ್ಕ್ ಸಾಧನಗಳಿಗೆ ಬೇಕಾದವು) ಇವೆಯೇ ಎಂದು ನೋಡಿ. ಇಲ್ಲವಾದರೆ ಡಿಸ್ಕನ್ನು ಐಡಿಇ (ಹಳೆಯ ಬಗೆಯ ಡಿಸ್ಕ್ ಸಂಪರ್ಕ) ಎಂದು ತೋರಿಸಿ ಎಬ್ಬಿಸಿ, ಒಳಗೆ ಹೋಗಿ ಡ್ರಾಕಟ್‌ನಿಂದ (ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಸಾಧನ) ಅವುಗಳನ್ನು ಸೇರಿಸಿ. ಬೂಟ್ ಆದರೂ ನೆಟ್‌ವರ್ಕ್ ಏಳದಿರಬಹುದು, ಏಕೆಂದರೆ ಯುಡೆವ್ (ಸಾಧನಗಳಿಗೆ ಹೆಸರಿಡುವ ವ್ಯವಸ್ಥೆ) ನಿಯಮದ ಕಡತವು ಹಳೆಯ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ (ಕಾರ್ಡಿನ ಗುರುತಿನ ಸಂಖ್ಯೆ) ಮೊದಲ ಹೆಸರನ್ನು ಕಟ್ಟಿಟ್ಟಿರುತ್ತದೆ, ಹೊಸ ಕಾರ್ಡಿಗೆ ಎರಡನೆಯದು ಸಿಗುತ್ತದೆ.

ತುಂಗಾತೀರ:
ತಂತ್ರಾಂಶದ ಪರವಾನಗಿಯೂ ಮ್ಯಾಕ್ ವಿಳಾಸಕ್ಕೆ ಬಿಗಿದಿದೆ ಎಂದು ಕೇಳಿದ್ದೆ. ಹಾಗಿದ್ದರೆ?

ಆಗುಂಬೆ ರೂಟ್:
ಪ್ರಾಕ್ಸ್‌ಮಾಕ್ಸಿನಲ್ಲಿ ವರ್ಚುಯಲ್ ಕಾರ್ಡಿಗೆ ಹಳೆಯ ಮ್ಯಾಕ್ ವಿಳಾಸವನ್ನೇ ಬರೆಯಿರಿ. ಯುಡೆವ್ ತೊಡಕು, ಪರವಾನಗಿ ಎರಡಕ್ಕೂ ಅದೇ ಪರಿಹಾರ. ಆದರೆ ಪರೀಕ್ಷೆಯ ದಿನಗಳಲ್ಲಿ ಆ ಕಾರ್ಡನ್ನು ಕಚೇರಿಯ ಜಾಲಕ್ಕೆ ಸೇರಿಸದೆ, ಹೊರಸಂಪರ್ಕವಿಲ್ಲದ ಪ್ರತ್ಯೇಕ ಬ್ರಿಡ್ಜಿನಲ್ಲಿ (ಪ್ರಾಕ್ಸ್‌ಮಾಕ್ಸಿನೊಳಗಿನ ವರ್ಚುಯಲ್ ಸ್ವಿಚ್) ಇಡಿ. ಒಂದೇ ಮ್ಯಾಕ್, ಒಂದೇ ಐಪಿ ಇರುವ ಎರಡು ಯಂತ್ರಗಳು ಒಂದೇ ಸ್ವಿಚ್ಚಿನಲ್ಲಿದ್ದರೆ ತೂಕದ ಕೌಂಟರಿನ ಸಂಪರ್ಕ ಕಡಿಯುತ್ತದೆ, ಇಲ್ಲವೇ ಅಲ್ಲಿಯ ನಮೂದುಗಳು ಪರೀಕ್ಷಾ ಪ್ರತಿಗೆ ಹೋಗಿ ಸೇರುತ್ತವೆ.