ಲಾಬ್‌ಸ್ಟರ್ ಬಾಲ ಬೇಯಿಸುವುದು ಹೇಗೆ? ಓವನ್ ಇಲ್ಲ, ಇಡ್ಲಿ ಪಾತ್ರೆ ಇದೆ

ವಿದ್ಯಾನಗರದ ಬಾಡಿಗೆದಾರ:

ನಮಸ್ಕಾರ ಎಲ್ಲರಿಗೂ. ವಾಸ್ಕೋದಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ತಮ್ಮ ಮೊನ್ನೆ ರೈಲಿನಲ್ಲಿ ಹುಬ್ಬಳ್ಳಿಗೆ ಬಂದ, ಕೈಯಲ್ಲಿ ಒಂದು ಥರ್ಮೋಕೋಲ್ ಡಬ್ಬಿ. ಬಂಗಡೆ ಇರಬೇಕು ಅಂದುಕೊಂಡು ತೆಗೆದರೆ ಕಲ್ಲಿನ ಹಾಗೆ ಹೆಪ್ಪುಗಟ್ಟಿದ ನಾಲ್ಕು ಲಾಬ್‌ಸ್ಟರ್ ಬಾಲ! ಒಂದೊಂದು 150 ಗ್ರಾಂ ಆಸುಪಾಸು. ಸದ್ಯಕ್ಕೆ ಫ್ರೀಜರ್‌ನಲ್ಲಿ ಬಟಾಣಿ ಪ್ಯಾಕೆಟ್ ಕೆಳಗೆ ಮಲಗಿವೆ. ಭಾನುವಾರ ಅವನೂ ಅವನ ಗೆಳೆಯನೂ ಊಟಕ್ಕೆ ಬರುತ್ತಾರೆ.

ನನಗೆ ಕೋಳಿ ಮಾಡಲು ಬರುತ್ತದೆ, ಮೊಟ್ಟೆ ಬರುತ್ತದೆ, ಸಮುದ್ರದ್ದು ಅಂದರೆ ಕೈ ನಡುಗುತ್ತದೆ. ಹೋದ ವರ್ಷ ಗಣೇಶಪೇಟೆ ಮಾರ್ಕೆಟ್‌ನಿಂದ ಸಿಗಡಿ ತಂದು, ಚೆನ್ನಾಗಿ ಬೇಯಲಿ ಅಂತ ಇಪ್ಪತ್ತು ನಿಮಿಷ ಕುದಿಸಿದೆ. ಚಪ್ಪಲಿಯ ಬಾರು ಅಗಿದ ಹಾಗಿತ್ತು. ಈ ಸಲ ಹಾಗಾಗಬಾರದು, ಯಾಕಂದರೆ ಇದರ ರೇಟು ಕೇಳಿ ನನ್ನ ಹೆಂಡತಿ ತಮ್ಮನ ಜೊತೆ ಒಂದು ದಿನ ಮಾತು ಬಿಟ್ಟಿದ್ದಳು.

ಮನೆಯಲ್ಲಿ ಓವನ್ ಇಲ್ಲ. ಎರಡು ಬರ್ನರ್ ಗ್ಯಾಸು, ಇಡ್ಲಿ ಪಾತ್ರೆ, ರೊಟ್ಟಿ ಹಂಚು, ಒಂದು ನಾನ್‌ಸ್ಟಿಕ್ ಪ್ಯಾನ್, ಇಷ್ಟೇ. ಬಿಸಿನೀರಿಗೆ ಹಾಕಿ ಬರ್ಫ ಕರಗಿಸಬಹುದಾ? ಚಿಪ್ಪು ತೆಗೆಯಬೇಕಾ, ಹಾಗೇ ಬೇಯಿಸಬೇಕಾ? ಆಫೀಸಿನಲ್ಲಿ ಒಬ್ಬರು ಫೋಟೋ ನೋಡಿ 'ಇಡೀದು ತರಿಸಿ ನೋಡಿ, ಇದಕ್ಕೆ ದೊಡ್ಡ ಇಕ್ಕಳ ಇರಲ್ಲ, ಡುಪ್ಲಿಕೇಟ್ ಮಾಲು' ಅಂದರು. ನಿಜವಾ?

ಇನ್ನೊಂದು ತಲೆನೋವು. ಮೇಲಿನ ಮನೆಯಲ್ಲಿ ಮಾಲೀಕರಿದ್ದಾರೆ, ಅಪ್ಪಟ ಸಸ್ಯಾಹಾರಿಗಳು. ಕೋಳಿಗೆ ಕಣ್ಣು ಮುಚ್ಚಿಕೊಂಡಿದ್ದಾರೆ, ಇದಕ್ಕೆ ಮೂಗು ಮುಚ್ಚಿಕೊಳ್ಳುತ್ತಾರೋ ಇಲ್ಲವೋ.

ಗೋಕುಲ ರೋಡ್ ಗೆಳೆಯ:

ಇಷ್ಟೆಲ್ಲ ಯೋಚನೆ ಯಾಕೆ ಅಣ್ಣಾ? ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ.

ಅಂಕೋಲೆಯ ಮಗಳು, ಧಾರವಾಡದ ಸೊಸೆ:

ಕುಕ್ಕರ್ ಮುಟ್ಟಲೇಬೇಡಿ! ಮೂರು ಸೀಟಿ ತೊಗರಿಬೇಳೆಗೆ ಸರಿ, ಇದಕ್ಕಲ್ಲ.

ನನ್ನ ತವರು ಅಂಕೋಲಾ. ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೆ ಅರಬೈಲ್ ಘಟ್ಟ ಹತ್ತಿ ಬರುವ ಬರ್ಫದ ಮೀನೇ ಗತಿ, ಹಾಗಾಗಿ ಹೆಪ್ಪುಗಟ್ಟಿದ್ದನ್ನು ಹದಕ್ಕೆ ತರುವುದನ್ನು ಕೆಡಿಸಿ ಕೆಡಿಸಿ ಕಲಿತಿದ್ದೇನೆ. ನಿಮ್ಮ ಆಫೀಸಿನವರಿಗೆ ಹೇಳಿ, ಅದು ಡುಪ್ಲಿಕೇಟ್ ಅಲ್ಲ. ದೊಡ್ಡ ಇಕ್ಕಳ ಇರುವುದು ಅಮೆರಿಕದ ಕಡೆಯ ತಣ್ಣನೆ ಸಮುದ್ರದ ಜಾತಿ. ನಮ್ಮ ಅರಬ್ಬಿ ಸಮುದ್ರದಲ್ಲಿ ಸಿಗುವುದಕ್ಕೆ ಇಕ್ಕಳ ಇರುವುದಿಲ್ಲ, ಉದ್ದನೆ ಮುಳ್ಳುಮುಳ್ಳಾದ ಮೀಸೆ ಇರುತ್ತದೆ. ಮರಾಠಿಯವರು ಶೇವಂಡ ಅನ್ನುತ್ತಾರೆ. ಇದರಲ್ಲಿ ತಿನ್ನುವ ಮಾಂಸವೆಲ್ಲ ಹೆಚ್ಚುಕಡಿಮೆ ಬಾಲದಲ್ಲೇ, ಅದಕ್ಕೇ ಬಾಲ ಮಾತ್ರ ಮಾರುವುದು.

ಬಿಸಿನೀರು ಬೇಡವೇ ಬೇಡ. ಹೊರಗೆ ಬೆಂದುಬಿಡುತ್ತದೆ, ನಡುವೆ ಬರ್ಫ ಹಾಗೇ ಕೂತಿರುತ್ತದೆ. ಶನಿವಾರ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ತಟ್ಟೆಯೊಳಗೆ ಇಡಿ, ನೀರು ಬಿಡುತ್ತದೆ. ಬೆಳಿಗ್ಗೆಗೆ ಮೆತ್ತಗಾಗಿರುತ್ತದೆ. ಮರೆತರೆ ತೂತಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಲ್ಲಿಯ ತಣ್ಣೀರಲ್ಲಿ ಮುಳುಗಿಸಿ, ಹದಿನೈದು ನಿಮಿಷಕ್ಕೊಮ್ಮೆ ನೀರು ಬದಲಿಸಿ, ಮುಕ್ಕಾಲು ಗಂಟೆ ಸಾಕು. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ.

ಆಮೇಲೆ ಕತ್ತರಿ. ಚಾಕು ಜಾರುತ್ತದೆ, ಅಡುಗೆಮನೆಯ ಗಟ್ಟಿ ಕತ್ತರಿಯೇ ಬೇಕು. ಚಿಪ್ಪಿನ ಅಂಚು ಬೆರಳಿಗೆ ಚುಚ್ಚುತ್ತದೆ, ಹಳೆ ಟವೆಲ್‌ನಲ್ಲಿ ಹಿಡಿದುಕೊಳ್ಳಿ. ಬೆನ್ನಿನ ಚಿಪ್ಪನ್ನು ನಡುಮಧ್ಯೆ ಕತ್ತರಿಸುತ್ತಾ ತುದಿಯ ರೆಕ್ಕೆಯ ತನಕ ಹೋಗಿ, ರೆಕ್ಕೆ ಕತ್ತರಿಸಬೇಡಿ. ಹೆಬ್ಬೆರಳಿನಿಂದ ಸ್ವಲ್ಪ ಅಗಲ ಮಾಡಿದರೆ ಕಪ್ಪು ದಾರದಂಥ ನರ ಕಾಣುತ್ತದೆ, ಅದು ಅದರ ಕರುಳು, ಸಿಗಡಿಯದ್ದನ್ನು ತೆಗೆದ ಹಾಗೇ ಎಳೆದು ಬಿಸಾಡಿ. ಚಿಪ್ಪು ಹಾಗೇ ಇರಲಿ. ಅದರೊಳಗೆ ಬೆಂದರೆ ಮಾಂಸ ಒಣಗುವುದಿಲ್ಲ. ಬೇಯುವಾಗ ಬಾಲ ಬಿಲ್ಲಿನ ಹಾಗೆ ಬಾಗುತ್ತದೆ, ನೆಟ್ಟಗೆ ಬೇಕಿದ್ದರೆ ಉದ್ದಕ್ಕೆ ಒಂದು ಬಿದಿರಿನ ಕಡ್ಡಿ ಚುಚ್ಚಿ. (ಪೊರಕೆ ಕಡ್ಡಿ ಅಲ್ಲ. ನನ್ನ ಮೈದುನ ಒಮ್ಮೆ ಆ ಕೆಲಸ ಮಾಡಿದ್ದಾನೆ.)

ಇಡ್ಲಿ ಪಾತ್ರೆ ಇದೆಯಲ್ಲ, ಓವನ್ ಯಾಕೆ ಬೇಕು? ತಳದಲ್ಲಿ ಎರಡು ಬೆರಳು ನೀರು, ಮೇಲೆ ತೂತಿನ ತಟ್ಟೆ. ಹಬೆ ಜೋರಾಗಿ ಬಂದ ಮೇಲೆ ಬಾಲಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಇಟ್ಟು ಮುಚ್ಚಿ. 150 ಗ್ರಾಮಿನದ್ದಕ್ಕೆ ಏಳು ನಿಮಿಷ. ಆರನೇ ನಿಮಿಷಕ್ಕೇ ಒಮ್ಮೆ ತೆಗೆದು ನೋಡಿ. ಕೆಳಗಿಳಿಸಿದ ಮೇಲೂ ಒಳಗಿನ ಬಿಸಿಗೆ ಸ್ವಲ್ಪ ಬೇಯುತ್ತದೆ. ಅನುಮಾನ ಇದ್ದರೆ ನಾಲ್ಕನ್ನೂ ಒಟ್ಟಿಗೆ ಹಾಕಬೇಡಿ, ಒಂದನ್ನು ಮೊದಲು ಬೇಯಿಸಿ ನೋಡಿ. ಒಂದು ಕೆಟ್ಟರೂ ಮೂರು ಉಳಿಯುತ್ತವೆ.

ವಿದ್ಯಾನಗರದ ಬಾಡಿಗೆದಾರ:

ಅಕ್ಕಾರ, ಭಾಳ ಉಪಕಾರ ಆಯಿತು. ಒಂದೇ ಅನುಮಾನ. ಚಿಪ್ಪು ಕೆಂಪಾದರೆ ಬೆಂದಿದೆ ಅಂತ ತಾನೇ?

ಬೆಟಗೇರಿ ಮೇಷ್ಟ್ರು:

ಅಲ್ಲ! ಎಲ್ಲರೂ ಎಡವುವುದು ಇಲ್ಲೇ. ಗದಗಿನಲ್ಲಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ, ಲಾಬ್‌ಸ್ಟರ್ ತಿಂದಿದ್ದು ಜೀವಮಾನದಲ್ಲಿ ಎರಡೇ ಸಲ, ಆದರೂ ಇದಕ್ಕೆ ಉತ್ತರ ಕೊಡಬಲ್ಲೆ.

ಆ ಕೆಂಪು ಬಣ್ಣ ಚಿಪ್ಪಿನಲ್ಲಿ ಮೊದಲಿಂದಲೇ ಇರುತ್ತದೆ. ಅದರ ಹೆಸರು ಅಸ್ಟಾಕ್ಸಾಂಥಿನ್, ಕ್ಯಾರೆಟ್ಟಿನ ಬಣ್ಣದ ದಾಯಾದಿ ಅಂದುಕೊಳ್ಳಿ. ಹಸಿಯಾಗಿದ್ದಾಗ ಒಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ, ಅದಕ್ಕೇ ಚಿಪ್ಪು ನೀಲಿ, ಹಸಿರು, ಕಂದು ಹಾಗೆಲ್ಲ ಕಾಣುತ್ತದೆ. ಬಿಸಿ ತಾಗಿದಾಗ ಪ್ರೋಟೀನಿನ ಹಿಡಿತ ಬಿಡುತ್ತದೆ, ಕೆಂಪು ಹೊರಗೆ ಬರುತ್ತದೆ. ಹಬೆ ಮೊದಲು ತಾಗುವುದು ಚಿಪ್ಪಿಗೆ ಅಲ್ವಾ? ಹಾಗಾಗಿ ಒಳಗೆ ಇನ್ನೂ ಹಸಿ ಇರುವಾಗಲೇ ಹೊರಗೆ ಕೆಂಪಾಗಿರುತ್ತದೆ. ಕೆಂಪು ನೋಡಿ ಇಳಿಸಿದರೆ ಹಸಿ. ಪೂರ್ತಿ ಕಡುಕೆಂಪಾಗಲಿ ಅಂತ ಕಾದರೆ ರಬ್ಬರು.

ನೋಡಬೇಕಾದ್ದು ಮಾಂಸವನ್ನು. ಹಸಿಯಾಗಿದ್ದಾಗ ಗಂಜಿ ತಿಳಿಯ ಹಾಗೆ ಅರೆಪಾರದರ್ಶಕ. ಬೆಂದಾಗ ಹಾಲಿನ ಬಿಳುಪು. ಎಲ್ಲಕ್ಕಿಂತ ದಪ್ಪಗಿರುವ ಕಡೆ ಚಾಕುವಿನ ತುದಿಯಿಂದ ಸ್ವಲ್ಪ ಬಿಡಿಸಿ ನೋಡಿ, ನಡುವೆಯೂ ಬೆಳ್ಳಗಾಗಿದ್ದರೆ ಇಳಿಸಿ. ಅಡುಗೆ ಥರ್ಮಾಮೀಟರ್ ಇದ್ದವರಿಗೆ ಒಳಗಿನ ಬಿಸಿ 60ರಿಂದ 63 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಹೋದಂತೆ ಮಾಂಸದ ಎಳೆಗಳು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿಬಿಡುತ್ತವೆ. ನಿಮ್ಮ ಸಿಗಡಿಗೆ ಆಗಿದ್ದೂ ಅದೇ. ಮಟನ್ ಆದರೆ ಜಾಸ್ತಿ ಹೊತ್ತು ಬೆಂದಷ್ಟೂ ಮೆತ್ತಗಾಗುತ್ತದೆ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬ್ಯಾಡಗಿ ಡಬ್ಬಿ:

ಎಲ್ಲ ಸರಿ, ಸುಮ್ನೆ ಹಬೆಯಲ್ಲಿ ಬೇಯಿಸಿ ತಿಂದರೆ ಆಸ್ಪತ್ರೆ ಊಟದ ಹಾಗಾಗುತ್ತಲ್ಲ ಸರ್? ಖಾರ ಬೇಡವಾ? ನನ್ನ ಸಲಹೆ ಕೇಳಿ. ಆರು ಬ್ಯಾಡಗಿ ಮೆಣಸಿನಕಾಯಿ, ಡಬ್ಬಿ ಅನ್ನುವ ಜಾತಿಯದ್ದಾದರೆ ಒಳ್ಳೆಯದು, ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬೀಜ ಉದುರಿಸಿ ಬಿಸಿನೀರಲ್ಲಿ ನೆನೆಹಾಕಿ, ಎಂಟು ಎಸಳು ಬೆಳ್ಳುಳ್ಳಿ, ಚೂರು ಉಪ್ಪು ಹಾಕಿ ನುಣ್ಣಗೆ ರುಬ್ಬಿ. ಪ್ಯಾನಿನಲ್ಲಿ ಎರಡು ಚಮಚ ತುಪ್ಪ, ಸಣ್ಣ ಉರಿ, ಹಸಿ ವಾಸನೆ ಹೋಗುವ ತನಕ ಹುರಿಯಿರಿ. ಒಲೆ ಆರಿಸಿದ ಮೇಲೆ ಒಂದು ನಿಂಬೆ ಗಾತ್ರದ ಬೆಣ್ಣೆ ಹಾಕಿ ಕಲಸಿ, ಅರ್ಧ ನಿಂಬೆಹಣ್ಣು ಹಿಂಡಿ. ಮೊದಲೇ ಬೆಣ್ಣೆ ಹಾಕಿದರೆ ಅದರ ಹಾಲಿನಂಶ ಸೀಯುತ್ತದೆ.

ಅಂಕೋಲೆಯ ಮಗಳು, ಧಾರವಾಡದ ಸೊಸೆ:

ಮಸಾಲೆ ಮಸ್ತ್ ಇದೆ. ಆದರೆ ಬಾಲವನ್ನು ಅದರಲ್ಲಿ ಹಾಕಿ ಕುದಿಸಬೇಡಿ, ಮತ್ತೆ ಚಪ್ಪಲಿ ಬಾರೇ ಆಗುತ್ತದೆ. ಬೆಂದ ಮೇಲೆ ಮೇಲಿಂದ ಸುರಿಯಿರಿ, ಅದೂ ಕಡಿಮೆ. ಇಷ್ಟು ದುಡ್ಡಿನ ಮಾಲಿಗೆ ಮೆಣಸಿನಕಾಯಿ ಬಳಿದು ಅದರ ಸಿಹಿ ಮುಚ್ಚಿಬಿಟ್ಟರೆ ಸಿಗಡಿಯನ್ನೇ ತರಬಹುದಿತ್ತಲ್ಲ?

ಬ್ಯಾಡಗಿ ಡಬ್ಬಿ:

ಅಕ್ಕಾರ, ಬ್ಯಾಡಗಿ ಕಾಯಿ ಏನನ್ನೂ ಮುಚ್ಚುವುದಿಲ್ಲ. ಗುಂಟೂರಿನದ್ದಾದರೆ ಒಪ್ಪುತ್ತಿದ್ದೆ.

ಕೇಶ್ವಾಪುರ ಕ್ಯಾಂಟೀನ್:

ಯಾರೂ ಹೇಳದ ಒಂದು ಮಾತು. ಬರುವ ಅತಿಥಿಗೆ ಸಿಗಡಿ, ಏಡಿ ಆಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಸಿಗಡಿ ತಿಂದರೆ ಮೈ ತುರಿಸುವವರಿಗೆ, ಗಂಟಲು ಬಿಗಿಯುವವರಿಗೆ ಲಾಬ್‌ಸ್ಟರ್ ಕೂಡ ಆಗದಿರುವ ಸಾಧ್ಯತೆ ತುಂಬಾ ಜಾಸ್ತಿ, ಎಲ್ಲ ಒಂದೇ ಬಳಗ. ನಮ್ಮ ಕಡೆ ಎಷ್ಟೋ ಜನ ಸಿಗಡಿಯನ್ನೇ ತಿಂದು ನೋಡಿರುವುದಿಲ್ಲ, ಅಂಥವರಿಗೆ ಮೊದಲು ಒಂದು ತುಣುಕು ಕೊಡಿ.

ವಾಸನೆ ವಿಷಯಕ್ಕೆ ಬಂದರೆ, ಹಬೆಯಲ್ಲಿ ಬೇಯಿಸಿದ್ದು ಕರಿದಷ್ಟು ನಾರುವುದಿಲ್ಲ. ನಾರುವುದು ಮರುದಿನದ ಚಿಪ್ಪು. ಅದನ್ನು ಅಂದೇ ಬಕೆಟ್ಟಿಗೆ ಹಾಕಬೇಡಿ. ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಕಸದ ಗಾಡಿ ಬಂದಾಗ ತೆಗೆದು ಕೊಡಿ. ಇಲ್ಲವಾದರೆ ಓಣಿಯ ಬೆಕ್ಕುಗಳೆಲ್ಲ ನಿಮ್ಮ ಬಾಗಿಲಿಗೆ.

ವಿದ್ಯಾನಗರದ ಬಾಡಿಗೆದಾರ:

ಭಾನುವಾರ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ.

ಅಕ್ಕ ಹೇಳಿದ ಹಾಗೆ ಬೆಳಿಗ್ಗೆ ಒಂದನ್ನು ಮೊದಲು ಬೇಯಿಸಿದೆ. ಆರು ನಿಮಿಷಕ್ಕೆ ತೆಗೆದರೆ ಚಿಪ್ಪು ಮದುವೆ ಸೀರೆಯ ಹಾಗೆ ಕೆಂಪು, ಒಳಗೆ ನಡುವೆ ಇನ್ನೂ ಗಂಜಿ ತಿಳಿ. ಮೇಷ್ಟ್ರ ಮಾತು ಓದಿರದಿದ್ದರೆ ಅದನ್ನೇ ತಟ್ಟೆಗೆ ಹಾಕುತ್ತಿದ್ದೆ. ಮತ್ತೆ ಒಂದೂವರೆ ನಿಮಿಷ ಇಟ್ಟೆ, ಸರಿಹೋಯಿತು. ನಾನೂ ಹೆಂಡತಿಯೂ ನಿಂತಲ್ಲೇ ಬರಿ ನಿಂಬೆಹಣ್ಣು ಹಿಂಡಿಕೊಂಡು ತಿಂದೆವು. ಸಿಹಿ ಅಂತ ಅಕ್ಕ ಹೇಳಿದ್ದು ನಿಜ, ಎಳೆ ತೆಂಗಿನಕಾಯಿಯ ಹಾಗೊಂದು ಸಿಹಿ.

ಮಧ್ಯಾಹ್ನ ಉಳಿದ ಮೂರು. ಎರಡನ್ನು ಏಳೂವರೆ ನಿಮಿಷಕ್ಕೆ ಇಳಿಸಿದೆ, ಎಳೆ ಎಳೆಯಾಗಿ ಬಿಡಿಸಿಕೊಂಡು ಬಂತು. ಮೂರನೆಯದು ತಟ್ಟೆಯಲ್ಲಿ ಜಾಗ ಸಾಲದೆ ಎರಡನೇ ಸುತ್ತಿಗೆ ಹೋಯಿತು. ಆಗಲೇ ಊರಿಂದ ಅವ್ವನ ಫೋನು. ಜೋಳದ ರೇಟು, ಎಮ್ಮೆ ಕರು, ತಂಗಿಯ ಸೀಮಂತ ಎಲ್ಲ ಮುಗಿಯುವಷ್ಟರಲ್ಲಿ ಹದಿನಾಲ್ಕು ನಿಮಿಷ ಆಗಿತ್ತು. ಅದು ನನ್ನ ಪಾಲಿಗೇ ಬಂತು. ಹೋದ ವರ್ಷದ ಸಿಗಡಿ ನೆನಪಾಯಿತು.

ಮಸಾಲೆ ವಿಷಯದಲ್ಲಿ ಇಬ್ಬರಿಗೂ ಬೇಜಾರಾಗಬಾರದು ಅಂತ ಬಟ್ಟಲಿನಲ್ಲಿ ಬೇರೆ ಇಟ್ಟಿದ್ದೆ. ಹೆಂಡತಿಯ ತಮ್ಮ ಮುಟ್ಟಲಿಲ್ಲ, ಅವನ ಗೆಳೆಯ ಲಾಬ್‌ಸ್ಟರ್ ಮುಗಿದ ಮೇಲೂ ಅದನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ಮೂರು ರೊಟ್ಟಿ ತಿಂದ. ಚಿಪ್ಪುಗಳು ಈಗ ಬಟಾಣಿ ಪ್ಯಾಕೆಟ್ ಕೆಳಗೆ ಹಳೆ ಜಾಗಕ್ಕೇ ಹೋಗಿವೆ.

ಸಂಜೆ ಮಾಲೀಕರ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕರು. 'ಏನ್ರೀ, ಮಧ್ಯಾಹ್ನ ಬೆಳ್ಳುಳ್ಳಿ ಘಮ ಭಾಳ ಚಲೋ ಬಂತಲ್ಲ, ಏನು ಮಾಡಿದ್ರಿ?' ಅಂದರು. ಕೆಂಪು ಚಟ್ನಿ ಅಂದೆ, ಸುಳ್ಳೇನಲ್ಲ. ನಾಳೆ ಒಂದು ಬಟ್ಟಲು ಕೊಡಿ ಅಂತ ಕೇಳಿದ್ದಾರೆ. ಬ್ಯಾಡಗಿ ಅಣ್ಣಾ, ಅಷ್ಟು ಚಟ್ನಿಗೆ ಕಾಯಿ ಎಷ್ಟು ನೆನೆಹಾಕಲಿ?