‘ಪ್ರೈಮರಿ’ಗೆ ‘ಪ್ರಾಥಮಿಕ ಚುನಾವಣೆ’ ಸರಿಯೇ? ‘ಡಿಸ್ಟ್ರಿಕ್ಟ್’ ಎಂದರೆ ಜಿಲ್ಲೆಯೇ?

ಪ್ರಶ್ನೆ: ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಕಡೆಯ ಪತ್ರಿಕೆಗಳ ಚುನಾವಣಾ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಪ್ರೈಮರಿ, ಡಿಸ್ಟ್ರಿಕ್ಟ್, ರೀಡಿಸ್ಟ್ರಿಕ್ಟಿಂಗ್, ರನ್‌ಆಫ್ ಇವಕ್ಕೆ ಏನು ಬರೆಯಬೇಕು? ನಿಘಂಟಿನ ಪದ ಇಟ್ಟರೆ ಅರ್ಥ ಕೆಡುತ್ತಿದೆ. ಬಲ್ಲವರು ತಿಳಿಸಿ.

ಉತ್ತರ: ‘ಡಿಸ್ಟ್ರಿಕ್ಟ್’ನಿಂದಲೇ ಶುರು ಮಾಡೋಣ, ಹೆಚ್ಚು ಎಡವಟ್ಟಾಗುವುದು ಅಲ್ಲೇ. ‘ಮಿಷಿಗನ್‌ನ 13ನೇ ಜಿಲ್ಲೆ’ ಎಂದರೆ ತಪ್ಪು. ಅದು 13ನೇ ಸಂಸತ್ ಕ್ಷೇತ್ರ. ನಮ್ಮ ಜಿಲ್ಲೆಗೆ ಹತ್ತಿರವಾದದ್ದು ಕೌಂಟಿ. ‘ರೀಡಿಸ್ಟ್ರಿಕ್ಟಿಂಗ್’ಗೆ ‘ಜಿಲ್ಲಾ ಪುನರ್‌ವಿಂಗಡಣೆ’ ಎಂದು ಬರೆದರಂತೂ ಬಳ್ಳಾರಿಯಿಂದ ವಿಜಯನಗರ ಬೇರೆಯಾದಂಥ ಸುದ್ದಿ ಎಂದೇ ಓದುಗರು ತಿಳಿಯುತ್ತಾರೆ.

‘ಕ್ಷೇತ್ರ ಪುನರ್‌ವಿಂಗಡಣೆ’ ಸರಿಯಾದ ಪದ. ಆದರೆ ಅದರ ಜೊತೆಗೆ ಗೆರೆ ಎಳೆದವರು ಯಾರು ಎಂದು ಬರೆಯಲೇಬೇಕು. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಆಯೋಗ, ಅದರ ಆದೇಶದ ವಿರುದ್ಧ ಕೋರ್ಟಿಗೆ ಹೋಗುವ ದಾರಿಯನ್ನು ಸಂವಿಧಾನದ 329ನೇ ವಿಧಿ ಬಹುಮಟ್ಟಿಗೆ ಮುಚ್ಚಿದೆ. 2008ರಲ್ಲಿ ಕರ್ನಾಟಕ ಹೊಸ ನಕ್ಷೆಯ ಮೇಲೆ ಮತ ಹಾಕಿದ್ದು ಹಾಗೆಯೇ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಪದ್ಧತಿ. ಹೆಚ್ಚಿನ ಕಡೆ ಶಾಸನಸಭೆಯೇ ಗೆರೆ ಎಳೆಯುತ್ತದೆ. ಮಿಷಿಗನ್‌ನಲ್ಲಿ 13 ನಾಗರಿಕರ ಆಯೋಗ: ಎರಡೂ ಪಕ್ಷಗಳ ಕಡೆಯ ತಲಾ ನಾಲ್ವರು, ಯಾವ ಪಕ್ಷಕ್ಕೂ ಸೇರದ ಐವರು. ಹಾಗಾಗಿ ‘ಆಳುವ ಪಕ್ಷ ಕ್ಷೇತ್ರ ಒಡೆಯಿತು’ ಎಂಬ ನಮ್ಮ ಸಿದ್ಧ ವಾಕ್ಯ ಅಲ್ಲಿಗೆ ಒಗ್ಗುವುದಿಲ್ಲ. ಆ ಆಯೋಗದ ನಕ್ಷೆಯೂ ಕೋರ್ಟಿಗೆ ಹೋಯಿತು. ಡೆಟ್ರಾಯಿಟ್ ಸುತ್ತಲಿನ 13 ಶಾಸನಸಭಾ ಕ್ಷೇತ್ರಗಳ ಗೆರೆಗಳನ್ನು ಮುಖ್ಯವಾಗಿ ಜನಾಂಗ ನೋಡಿಯೇ ಎಳೆಯಲಾಗಿದೆ ಎಂದು 2023ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಪೀಠ ಅವನ್ನು ಅಸಿಂಧುಗೊಳಿಸಿತು. ಇದು ಸಂಸತ್ ಕ್ಷೇತ್ರದ ತೀರ್ಪಲ್ಲ. ಎರಡರಲ್ಲೂ 13 ಬರುವುದರಿಂದ ಅವಸರದಲ್ಲಿ ಕಲಸಿಹೋಗುತ್ತದೆ.

ಇನ್ನು ‘ಪ್ರೈಮರಿ’. ‘ಪ್ರಾಥಮಿಕ ಚುನಾವಣೆ’ ಎಂದರೆ ಏನೋ ಪೂರ್ವಭಾವಿ ಸುತ್ತು ಎನಿಸುತ್ತದೆ. ನಿಜಕ್ಕೂ ಅದು ಪಕ್ಷದ ಟಿಕೆಟ್ ಯಾರಿಗೆ ಎಂಬ ಮತದಾನ. ನಮ್ಮಲ್ಲಿ ಹೈಕಮಾಂಡ್ ಮಾಡುವ ಕೆಲಸವನ್ನು ಅಲ್ಲಿ ಮತದಾರರು ಮಾಡುತ್ತಾರೆ. ‘ಪ್ರೈಮರಿ’ ಎಂದೇ ಉಳಿಸಿ, ಮೊದಲ ಸಲ ‘ಪಕ್ಷದ ಅಭ್ಯರ್ಥಿ ಆಯ್ಕೆಯ ಮತದಾನ’ ಎಂದು ಬಿಡಿಸಿದರೆ ಸಾಕು.

ಬೆಳಗಾವಿಯಲ್ಲಿ ಬೆಳೆದು, ಮಿಷಿಗನ್‌ನ ಹೊಸ 13ನೇ ಕ್ಷೇತ್ರದಿಂದ ಸಂಸತ್ತಿಗೆ ಸ್ಪರ್ಧಿಸಿದ ಶ್ರೀ ಥಾಣೇದಾರ್ ಅವರ 2022ರ ಸುದ್ದಿಯಲ್ಲಿ ಈ ತೊಡಕುಗಳೆಲ್ಲ ಒಟ್ಟಿಗೆ ಸಿಗುತ್ತವೆ. (ಇಲ್ಲಿ ‘ಶ್ರೀ’ ಗೌರವಸೂಚಕವಲ್ಲ, ಅವರ ಹೆಸರೇ ಅದು. ಡೆಸ್ಕಿನವರು ರೂಢಿಯಂತೆ ಕತ್ತರಿಸಿದರೆ ಅಡ್ಡಹೆಸರಷ್ಟೇ ಉಳಿಯುತ್ತದೆ.) ಆಗಸ್ಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಮಂದಿಯ ನಡುವೆ ಅವರು ಶೇ 28ರಷ್ಟು ಮತ ಪಡೆದು ಗೆದ್ದರು. ಅಷ್ಟೇ ಮತಕ್ಕೆ ಗೆಲುವು ಹೇಗೆ ಎಂದರೆ, ಮಿಷಿಗನ್‌ನಲ್ಲಿ ಹೆಚ್ಚು ಮತ ಪಡೆದವರಿಗೇ ಟಿಕೆಟ್. ಟೆಕ್ಸಾಸ್‌ನಲ್ಲಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಬೇಕು, ಇಲ್ಲವಾದರೆ ಮೊದಲ ಇಬ್ಬರ ನಡುವೆ ರನ್‌ಆಫ್. ಅದಕ್ಕೆ ‘ಮರುಮತದಾನ’ ಎನ್ನಬೇಡಿ. ಮತಗಟ್ಟೆಯಲ್ಲಿ ಅಕ್ರಮವೋ ಯಂತ್ರದೋಷವೋ ಆಗಿದೆ ಎಂಬ ಅರ್ಥ ಬರುತ್ತದೆ. ‘ಎರಡನೇ ಸುತ್ತು’ ಸರಿ.

ಆಗಸ್ಟ್‌ನಲ್ಲೇ ‘ಸಂಸದರಾಗಿ ಆಯ್ಕೆ’ ಎಂಬ ತಲೆಬರಹವೂ ಸಲ್ಲದು, ಸ್ಥಾನ ತುಂಬುವುದು ನವೆಂಬರ್‌ನಲ್ಲಿ. ಆದರೆ ಆ ಕ್ಷೇತ್ರ ಡೆಮಾಕ್ರಟರ ಭದ್ರಕೋಟೆಯಾದ್ದರಿಂದ ನಿಜವಾದ ಪೈಪೋಟಿ ಪ್ರೈಮರಿಯಲ್ಲೇ ಎಂಬ ಒಂದು ಸಾಲು ಬೇಕೇ ಬೇಕು.

‘ಹಾಲಿ ಸಂಸದೆಯ ಕ್ಷೇತ್ರ ಕಸಿದರು’ ಎಂದೂ ಬರೆಯುವಂತಿಲ್ಲ. 2020ರ ಜನಗಣತಿಯ ನಂತರ ಮಿಷಿಗನ್‌ನ ಸ್ಥಾನಗಳು 14ರಿಂದ 13ಕ್ಕೆ ಇಳಿದು ಗೆರೆಗಳೆಲ್ಲ ಬದಲಾದವು. ಹಳೆಯ 13ನೇ ಕ್ಷೇತ್ರದ ಸಂಸದೆ ರಶೀದಾ ತ್ಲೈಬ್ ಹೊಸ 12ರಲ್ಲಿ ನಿಂತರು. ಸಂಖ್ಯೆ ಅದೇ ಇದ್ದರೂ ಕ್ಷೇತ್ರ ಬೇರೆ, ಹಿಂದಿನ ಅಂತರದೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಬ್ಬರ ಸೇರ್ಪಡೆ: ಮೇಲಿನದ್ದನ್ನು ಒಪ್ಪುತ್ತೇನೆ. ‘ಜೆರಿಮ್ಯಾಂಡರಿಂಗ್’ಗೆ ‘ಅಕ್ರಮ ವಿಂಗಡಣೆ’ ಎಂದು ಬರೆಯುವುದನ್ನೂ ಬಿಡಬೇಕು. ಎಷ್ಟೋ ಸಲ ಅದು ಅಕ್ರಮವಲ್ಲ. ಪಕ್ಷಲಾಭಕ್ಕೆ ಗೆರೆ ತಿರುಚಿದ ದೂರನ್ನು ಫೆಡರಲ್ ಕೋರ್ಟುಗಳು ವಿಚಾರಿಸುವಂತಿಲ್ಲ ಎಂದು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ‘ಲಾಭಕ್ಕಾಗಿ ಗೆರೆ ತಿರುಚುವುದು’ ಎಂದರೆ ಸಾಕು. ಓದುಗರಿಗೆ ಲೆಕ್ಕ ಕೊಡಿ: 50 ಮತದಾರರು, ತಲಾ 10 ಮಂದಿಯ ಐದು ಕ್ಷೇತ್ರ. ಒಂದು ಪಕ್ಷಕ್ಕೆ 30, ಇನ್ನೊಂದಕ್ಕೆ 20. ದೊಡ್ಡ ಪಕ್ಷದವರನ್ನು ಎರಡು ಕ್ಷೇತ್ರಗಳಲ್ಲಿ 9–1ರಂತೆ ತುಂಬಿಬಿಟ್ಟರೆ, ಉಳಿದ ಮೂರರಲ್ಲಿ ಚಿಕ್ಕ ಪಕ್ಷ 6–4ರಿಂದ ಗೆಲ್ಲುತ್ತದೆ.